ಮಣಿಕಟ್ಟಿನ ಕೀಲಿನೊಳಗೆ ಸೀಳಿದ ಮೂಳೆ: ಆಪರೇಷನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬಚ್ಚಲಲ್ಲಿ ಜಾರಿ, ಗದ್ದೆ ಬದುವಿನ ಮೇಲೆ ಕಾಲು ತಪ್ಪಿ, ಸ್ಕೂಟರಿನಿಂದ ಬಿದ್ದು ಅಂಗೈ ಊರಿದವರು ಮೈಸೂರು, ಮಂಡ್ಯದ ಮೂಳೆ ವಿಭಾಗಗಳಿಗೆ ದಿನವೂ ಬರುತ್ತಾರೆ. ಅವರೂ ಅವರ ಮನೆಯವರೂ ಕೇಳುವ ಪ್ರಶ್ನೆಗಳು ಇಲ್ಲಿವೆ.

ಮೂಳೆ ಮುರಿದಿದೆ ಅಂದರೆ ಸಾಲದಾ? ‘ಕೀಲಿನೊಳಕ್ಕೆ ಹೋಗಿದೆ’ ಅಂತ ಒತ್ತಿ ಹೇಳುವುದೇಕೆ?

ಮುಂಗೈಯಲ್ಲಿ ಎರಡು ಮೂಳೆ. ಹೆಬ್ಬೆರಳ ಕಡೆಯದು ರೇಡಿಯಸ್, ಕಿರುಬೆರಳ ಕಡೆಯದು ಅಲ್ನಾ. ಅಂಗೈ ಊರಿದಾಗ ಬೀಳುವ ಭಾರದ ಬಹುಪಾಲು ಹೊರುವುದು ರೇಡಿಯಸ್. ಅದರ ತುದಿಯಲ್ಲಿ ಅಕ್ಕಪಕ್ಕ ಎರಡು ತಗ್ಗು. ಸ್ಕ್ಯಾಫಾಯ್ಡ್, ಲೂನೇಟ್ ಎಂಬ ಪುಟ್ಟ ಮೂಳೆಗಳು ಅದರಲ್ಲಿ ಕೂತು ಹೊರಳುತ್ತವೆ. ಪಕ್ಕದ ಅಂಚಿನಲ್ಲಿ ಮೂರನೆಯ ತಗ್ಗು, ಅಲ್ನಾದ ತಲೆಗೆ. ಅಂಗೈಯನ್ನು ಬೊಗಸೆಯಂತೆ ಮೇಲೆ ಮಾಡುವುದು, ಮಗುಚುವುದು ಅಲ್ಲಿನ ಕೆಲಸ.

ಕೀಲಿಗಿಂತ ಒಂದಿಂಚು ಹಿಂದೆ ಮುರಿದರೆ ಮೂಳೆ ತುಸು ಓರೆಯಾಗಿ ಕೂಡಿದರೂ ಕೈ ಹೊಂದಿಕೊಂಡೀತು. ಬಿರುಕು ಆ ತಗ್ಗನ್ನೇ ಸೀಳಿದರೆ ಲೆಕ್ಕ ಬೇರೆ. ಒರಳಿನ ಗುಳಿಯಲ್ಲಿ ಒಂದು ಚೂರು ಎದ್ದು ಇನ್ನೊಂದು ಕುಸಿದಿದ್ದರೆ ಗುಂಡುಕಲ್ಲು ಹೇಗೆ ತಿರುಗೀತು? ತಡೆದು ತಡೆದು ತಿರುಗುತ್ತದೆ, ಎರಡೂ ಸವೆಯುತ್ತವೆ. ಮೂಳೆ ಬೆಳೆದು ಕೂಡುತ್ತದೆ. ಅದರ ಮೇಲಿನ ನುಣುಪಾದ ಮೃದ್ವಸ್ಥಿ ಹಾಗೆ ಮರಳಿ ಬೆಳೆಯುವುದಿಲ್ಲ.

ಆದ್ದರಿಂದ ಈ ಆಪರೇಷನ್ನಿನ ಗುರಿ ಮುರಿದದ್ದನ್ನು ಕೂಡಿಸುವುದಷ್ಟೇ ಅಲ್ಲ, ಮೇಲ್ಮೈಯನ್ನು ಸಮ ಮಾಡುವುದು. ಪ್ಲೇಟು, ಸ್ಕ್ರೂ ಎಲ್ಲ ಸಮವಾದದ್ದನ್ನು ಹಿಡಿದಿಡುವ ಸಾಮಾನು, ಅಷ್ಟೆ.

ಬಿದ್ದ ತಕ್ಷಣ ಮನೆಯಲ್ಲಿ ಏನು ಮಾಡಬೇಕು?

ಮೊದಲು ಉಂಗುರ, ಬಳೆ, ವಾಚು ತೆಗೆಯಿರಿ. ನೋವು ಹೆಚ್ಚಿದೆ, ಆಮೇಲೆ ನೋಡೋಣ ಅಂದರೆ ಎರಡು ಗಂಟೆಯಲ್ಲಿ ಬೆರಳು ಊದಿ ಉಂಗುರ ಕತ್ತರಿಸುವ ಹಾಗಾಗುತ್ತದೆ. ಆಗಲೇ ಬಿಗಿಯಾಗಿದ್ದರೆ ಒಂದು ಮಾರು ಹೊಲಿಗೆ ದಾರ ತನ್ನಿ. ಒಂದು ತುದಿಯನ್ನು ಉಂಗುರದಡಿ ಅಂಗೈ ಕಡೆಗೆ ತೂರಿಸಿ ಹಿಡಿದುಕೊಳ್ಳಿ. ಉಳಿದ ದಾರವನ್ನು ಉಂಗುರದಿಂದ ಉಗುರಿನ ಕಡೆಗೆ, ಗೆಣ್ಣು ದಾಟುವವರೆಗೆ, ಸಂದಿಲ್ಲದಂತೆ ಒತ್ತಾಗಿ ಸುತ್ತಿ. ಆಮೇಲೆ ಅಂಗೈ ಕಡೆಯ ತುದಿಯನ್ನು ಹಿಡಿದು ಬಿಚ್ಚುತ್ತಾ ಬಂದರೆ ಉಂಗುರ ದಾರದ ಮೇಲೆ ಜಾರಿ ಹೊರಬರುತ್ತದೆ. ಗಾಜಿನ ಬಳೆಯನ್ನು ಬಟ್ಟೆ ಸುತ್ತಿ ಒಡೆಯಿರಿ.

ಮಡಿಸಿದ ದಿನಪತ್ರಿಕೆ ಅಥವಾ ರಟ್ಟನ್ನು ಮೊಣಕೈ ಹತ್ತಿರದಿಂದ ಅಂಗೈವರೆಗೆ ಇಟ್ಟು ಸಡಿಲವಾಗಿ ಕಟ್ಟಿ, ಬೆರಳು ಕಾಣುತ್ತಿರಲಿ. ಕೈಯನ್ನು ಎದೆಗಿಂತ ಎತ್ತರದಲ್ಲಿ ಇಟ್ಟುಕೊಳ್ಳಿ. ಎಣ್ಣೆ ಹಚ್ಚಿ ನೀವುವುದು, ‘ಇಳಿದಿದೆ’ ಅಂತ ಎಳೆಯುವುದು ಬೇಡ. ಕೈ ಚಮಚದಂತೆ ಸೊಟ್ಟಗಾಗಿದ್ದರೆ ಊಟ, ಕಾಫಿ ಕೊಡಬೇಡಿ: ಅರಿವಳಿಕೆ ಕೊಡಬೇಕಾದರೆ ಊಟವಾಗಿ ಆರು ಗಂಟೆ ಕಳೆದಿರಬೇಕು.

ಮೂಳೆ ಚರ್ಮ ತೂರಿ ಗಾಯವಾಗಿದ್ದರೆ, ಬೆರಳು ತಣ್ಣಗೆ ಬಿಳಿಚಿದ್ದರೆ, ಹೆಬ್ಬೆರಳು, ತೋರುಬೆರಳು, ನಡುಬೆರಳಿನ ಜೋಮು ಹೊತ್ತುಹೊತ್ತಿಗೆ ಹೆಚ್ಚುತ್ತಿದ್ದರೆ ಬೆಳಗಾಗಲಿ ಅನ್ನಬೇಡಿ, 108ಕ್ಕೆ ಕರೆ ಮಾಡಿ.

ಊರಲ್ಲಿ ಕಟ್ಟು ಕಟ್ಟುವವರಿದ್ದಾರೆ. ಮೊಟ್ಟೆ ಬಿಳಿಭಾಗ, ಬಿದಿರು ದಬ್ಬೆ ಹಾಕಿ ಕಟ್ಟಿಸಿದರೆ ಆಗದಾ?

ಅಲುಗದೆ ಬರೀ ಬಿರುಕು ಬಿಟ್ಟ ಮೂಳೆ ಯಾವ ಕಟ್ಟಿನಲ್ಲಾದರೂ ಕೂಡುತ್ತದೆ. ಕಟ್ಟಿನ ಹೆಸರು ಉಳಿದಿರುವುದೇ ಅಂಥ ಕೈಗಳಿಂದ. ಕೀಲಿನೊಳಗೆ ಕುಸಿದ ಚೂರು ಹೊರಗಿನಿಂದ ಎಷ್ಟು ಬಿಗಿದರೂ ಮೇಲೇಳುವುದಿಲ್ಲ. ಅದೂ ಅಲ್ಲದೆ ಊತ ಏರುವ ಮೊದಲ ಮೂರು ದಿನ ಸುತ್ತಲೂ ಬಿಗಿದ ಕಟ್ಟು ರಕ್ತ ಓಡಾಟವನ್ನೇ ನಿಲ್ಲಿಸಿ ಸ್ನಾಯು ಸಾಯುವ ಹಾಗೆ ಮಾಡಬಲ್ಲದು. ಆಮೇಲೆ ಬೆರಳು ಪಂಜದಂತೆ ಸೊಟ್ಟಗೆ ನಿಂತುಬಿಡುತ್ತದೆ. ಕಟ್ಟಿಸಿಕೊಂಡೇ ಬಂದಿದ್ದರೂ ಸಂಕೋಚ ಬೇಡ. ಯಾವತ್ತು ಕಟ್ಟಿದ್ದು ಅಂತ ನಿಜ ಹೇಳಿ. ದಿನದ ಲೆಕ್ಕ ಚಿಕಿತ್ಸೆಯನ್ನೇ ಬದಲಿಸುತ್ತದೆ.

ಎಕ್ಸ್‌ರೇ ಆಗಿದೆ. ಮತ್ತೆ ಸಿಟಿ ಸ್ಕ್ಯಾನ್ ಯಾಕೆ?

ಎಕ್ಸ್‌ರೇ ನೆರಳು. ಮುಂದಿನ ಚೂರು, ಹಿಂದಿನ ಚೂರು ಒಂದರ ಮೇಲೊಂದು ಬಿದ್ದು ಒಂದೇ ಗೆರೆಯಾಗಿ ಕಾಣುತ್ತದೆ. ಎಷ್ಟು ಚೂರಾಗಿದೆ, ನಡುವೆ ಯಾವುದು ಕುಸಿದಿದೆ, ಅಂಗೈ ಕಡೆಯ ಮೂಲೆಯಲ್ಲಿ ಸಣ್ಣ ಚೂರು ಕಳಚಿದೆಯಾ ಅನ್ನುವುದು ಸಿಟಿಯಲ್ಲಿ ಬಿಡಿಬಿಡಿಯಾಗಿ ಕಾಣುತ್ತದೆ. ಕೈಯ ಯಾವ ಬದಿಯಲ್ಲಿ ಕೊಯ್ಯಬೇಕು, ಯಾವ ಪ್ಲೇಟ್ ತರಿಸಬೇಕು ಅನ್ನುವುದು ಅದರ ಮೇಲೆ ನಿಲ್ಲುತ್ತದೆ. ಎಲ್ಲರಿಗೂ ಬೇಕಿಲ್ಲ. ಕೀಲಿನ ಗೆರೆ ಒಡೆದಂತೆ ಕಂಡರೆ ಮಾತ್ರ, ಅದೂ ಮೂಳೆಯನ್ನು ಒಮ್ಮೆ ಎಳೆದು ಕೂರಿಸಿದ ಮೇಲೆ ತೆಗೆಸಿದರೆ ಹೆಚ್ಚು ಉಪಯೋಗ.

ಡಬ್ಲಿನ್ನಿನ ಶಸ್ತ್ರವೈದ್ಯ ಅಬ್ರಹಾಂ ಕಾಲಿಸ್ ಮಣಿಕಟ್ಟಿನ ಹತ್ತಿರ ರೇಡಿಯಸ್ ಮುರಿಯುವುದನ್ನು ವಿವರಿಸಿದ್ದು 1814ರಲ್ಲಿ. ಎಕ್ಸ್‌ರೇ ಬಂದದ್ದು 1895ರಲ್ಲಿ. ಕೈ ಮುಟ್ಟಿ ನೋಡಿಯೇ ಅಷ್ಟು ಹೇಳಿದರು. ಆದರೆ ಕೀಲಿನೊಳಗಿನ ಕುಸಿತ ಕೈಗೆ ಸಿಗುವಂಥದ್ದಲ್ಲ.

ಆಪರೇಷನ್ ಬೇಕೋ, ಪಿಒಪಿ (ಪ್ಲಾಸ್ಟರ್) ಕಟ್ಟು ಸಾಕೋ ಅಂತ ಹೇಗೆ ತೀರ್ಮಾನಿಸುತ್ತಾರೆ?

ಅಳತೆ ಇದೆ. ಮೂಳೆ ಎಳೆದು ಕೂರಿಸಿದ ಮೇಲೆ ತೆಗೆದ ಎಕ್ಸ್‌ರೇಯಲ್ಲಿ ಮೂರು ಸಂಗತಿ ನೋಡುತ್ತಾರೆ. ಕೀಲಿನ ಮೇಲ್ಮೈಯಲ್ಲಿ ಮೆಟ್ಟಿಲು ಅಥವಾ ಬಿರುಕಿನ ಸಂದು 2 ಮಿಲಿಮೀಟರಿಗಿಂತ ಹೆಚ್ಚು, ಅಂದರೆ ಹೆಚ್ಚುಕಡಿಮೆ ಒಂದು ಅಕ್ಕಿಕಾಳಿನ ದಪ್ಪ. ರೇಡಿಯಸ್ 3 ಮಿಲಿಮೀಟರಿಗಿಂತ ಹೆಚ್ಚು ಗಿಡ್ಡವಾಗಿರುವುದು. ಕೀಲಿನ ಮುಖ ಕೈಯ ಹಿಂಬದಿಗೆ 10 ಡಿಗ್ರಿಗಿಂತ ಹೆಚ್ಚು ವಾಲಿರುವುದು. ಸಹಜವಾಗಿ ಅದು ಅಂಗೈ ಕಡೆಗೆ ಸುಮಾರು 11 ಡಿಗ್ರಿ ಬಾಗಿರಬೇಕು. ಇವುಗಳಲ್ಲಿ ಒಂದಿದ್ದರೂ, ದುಡಿಯುವ ವಯಸ್ಸಿನವರಿಗೆ ಆಪರೇಷನ್ ಮಾತು ಬರುತ್ತದೆ.

ಅಂಗೈ ಕಡೆಯ ಅಂಚು ಸೀಳಿ ಇಡೀ ಹಸ್ತ ಮುಂದಕ್ಕೆ ಜಾರಿದ್ದರೆ ಅಳತೆಯ ಗೊಡವೆಯೇ ಇಲ್ಲ. ಅಂಥದ್ದು ಕಟ್ಟಿನಲ್ಲಿ ನಿಲ್ಲುವುದೇ ಇಲ್ಲ, ಪ್ಲೇಟೇ ಬೇಕು.

ಕಟ್ಟು ಹಾಕಿ ಕಳಿಸಿದವರು ಒಂದು ವಾರಕ್ಕೆ, ಮತ್ತೆ ಎರಡು ವಾರಕ್ಕೆ ಎಕ್ಸ್‌ರೇಗೆ ಬರಲೇಬೇಕು. ಊತ ಇಳಿದು ಕಟ್ಟು ಸಡಿಲವಾದಾಗ ಮೂಳೆ ಮೆಲ್ಲಗೆ ಜಾರುತ್ತದೆ, ನೋವು ಮಾತ್ರ ಕಡಿಮೆಯಾಗುತ್ತಾ ಬರುತ್ತದೆ. ‘ನೋವಿಲ್ಲ, ಸರಿಯಾಗಿದೆ’ ಅಂತ ಮನೆಯಲ್ಲೇ ಉಳಿದವರು ಆರನೇ ವಾರ ಸೊಟ್ಟ ಕೈ ಹಿಡಿದು ಬರುವುದು ಹೀಗೆ.

ನಮ್ಮ ಅಮ್ಮನಿಗೆ 74. ಆಪರೇಷನ್ ಮಾಡಿಸಬೇಕಾ?

ವಯಸ್ಸು 65 ದಾಟಿದವರಲ್ಲಿ ಆಪರೇಷನ್ ಮಾಡಿಸಿದವರಿಗೂ ಕಟ್ಟಿನಲ್ಲೇ ಉಳಿದವರಿಗೂ ವರ್ಷ ಕಳೆದ ಮೇಲೆ ದಿನನಿತ್ಯದ ಕೆಲಸದಲ್ಲಿ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಅಮೆರಿಕದ ಮೂಳೆ ಶಸ್ತ್ರವೈದ್ಯರ ಅಕಾಡೆಮಿಯ ಮಾರ್ಗಸೂಚಿಯೂ ಹೀಗೇ ಹೇಳುತ್ತದೆ. ಎಕ್ಸ್‌ರೇಯಲ್ಲಿ ಸೊಟ್ಟ ಕಂಡರೂ ಕೈ ನಡೆಯುತ್ತದೆ. ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇದ್ದು, ಮನೆಯೊಳಗಿನ ಓಡಾಟವಷ್ಟೇ ಇರುವ ಅಜ್ಜಿಗೆ ಕಟ್ಟು ಸಾಕು ಅಂತ ವೈದ್ಯರು ಹೇಳಿದರೆ ಅದು ಉದಾಸೀನವಲ್ಲ.

ಆದರೆ 74ರಲ್ಲೂ ಎರಡು ಹಸು ಕಟ್ಟಿಕೊಂಡು ಒಬ್ಬರೇ ಬದುಕುವವರಿದ್ದಾರೆ, ಕೋಲೂರಿ ನಡೆಯುವವರಿದ್ದಾರೆ. ಕೋಲಿನ ಭಾರ ಬೀಳುವುದು ಇದೇ ಕೀಲಿನ ಮೇಲೆ. ವಯಸ್ಸಿಗಿಂತ ಆ ಕೈ ಮಾಡುವ ಕೆಲಸ ಯಾವುದು ಅಂತ ಹೇಳಿ. ತೀರ್ಮಾನ ಅಲ್ಲಿಂದ ಶುರುವಾಗಲಿ.

ಎಷ್ಟು ದಿನದೊಳಗೆ ಆಗಬೇಕು?

ತೆರೆದ ಗಾಯ ಅಥವಾ ಹೆಚ್ಚುತ್ತಿರುವ ಜೋಮು ಇದ್ದರೆ ಅಂದೇ. ಉಳಿದವರಿಗೆ ಎರಡು ವಾರದೊಳಗೆ. ಊತ ತುಂಬಾ ಇದ್ದರೆ ನಾಲ್ಕೈದು ದಿನ ಕೈ ಎತ್ತಿಟ್ಟು ಕಾಯುವುದು ಜಾಣತನ, ಇಲ್ಲದಿದ್ದರೆ ಚರ್ಮ ಕೂಡಿಸಿ ಹೊಲಿಯಲು ಕಷ್ಟ. ಮೂರು ವಾರ ದಾಟಿದರೆ ಚೂರುಗಳ ನಡುವೆ ಹೊಸ ಮೂಳೆ ತುಂಬಿಕೊಂಡು ಹಳೆಯ ಗೆರೆ ಹುಡುಕುವುದೇ ದೊಡ್ಡ ಕೆಲಸ. ಆರು ವಾರ ಕಳೆದರೆ ಕೂಡಿದ ಮೂಳೆಯನ್ನು ಮತ್ತೆ ಕತ್ತರಿಸಬೇಕಾಗುತ್ತದೆ.

ಪ್ಲೇಟ್, ಕಂಬಿ, ಹೊರಗಿನ ರಾಡ್: ಏನು ವ್ಯತ್ಯಾಸ?

ಕಂಬಿ ಅಂದರೆ ಕೆ ವೈರ್, ಸಾಮಾನ್ಯವಾಗಿ 1.6 ಮಿಲಿಮೀಟರ್ ದಪ್ಪದ ಉಕ್ಕಿನ ತಂತಿ. ಕೊಯ್ಯದೆ ಚರ್ಮದ ಮೂಲಕವೇ ಎರಡು ಮೂರು ತೂರಿಸುತ್ತಾರೆ, ಮೇಲೆ ಪಿಒಪಿ. ಖರ್ಚು ಕಡಿಮೆ. ದೊಡ್ಡ ಎರಡು ಚೂರಾಗಿ, ಮೂಳೆ ಗಟ್ಟಿಯಿದ್ದರೆ ಸಾಕಾಗುತ್ತದೆ. ನಾಲ್ಕರಿಂದ ಆರು ವಾರಕ್ಕೆ ಹೊರರೋಗಿ ವಿಭಾಗದಲ್ಲೇ ಎಳೆದು ತೆಗೆಯುತ್ತಾರೆ. ತೊಂದರೆ ಅಂದರೆ ತಂತಿಯ ಬಾಯಲ್ಲಿ ಕೀವು. ಟೊಳ್ಳು ಮೂಳೆಯಲ್ಲಿ ತಂತಿ ಹಿಡಿತ ಬಿಟ್ಟು ಜಾರುತ್ತದೆ.

ಹೊರಗಿನ ರಾಡನ್ನು ಎಕ್ಸ್‌ಟರ್ನಲ್ ಫಿಕ್ಸೇಟರ್ ಅನ್ನುತ್ತಾರೆ. ತೋರುಬೆರಳಿನ ಬುಡದ ಮೂಳೆಗೆ ಎರಡು ಪಿನ್, ರೇಡಿಯಸ್ಸಿಗೆ ಎರಡು ಪಿನ್, ನಡುವೆ ಸರಳು. ಕೀಲನ್ನು ಎಳೆದು ಹಿಡಿದಾಗ ಮೂಳೆಗೆ ಮೂಳೆ ಕಟ್ಟುವ ಸುತ್ತಲಿನ ಅಸ್ಥಿರಜ್ಜುಗಳು ಬಿಗಿದು ಚೂರುಗಳನ್ನು ತಮ್ಮ ಜೊತೆ ಎಳೆದುಕೊಳ್ಳುತ್ತವೆ. ಇಲ್ಲೇ ಅದರ ಮಿತಿಯೂ ಇದೆ: ನಡುವೆ ಕುಸಿದ ಚೂರಿಗೆ ಯಾವ ಅಸ್ಥಿರಜ್ಜುವೂ ಅಂಟಿಕೊಂಡಿರುವುದಿಲ್ಲ, ಎಷ್ಟು ಎಳೆದರೂ ಅದು ಬಿದ್ದಲ್ಲೇ ಇರುತ್ತದೆ. ಆಸೆಗೆ ಹೆಚ್ಚು ಎಳೆದರೆ ಬೆರಳು ಮಡಿಯದಷ್ಟು ಬಿಗಿಯಾಗುತ್ತದೆ. ಗಾಯ ಮಣ್ಣಾಗಿದ್ದರೆ, ಚರ್ಮ ಕೆಟ್ಟಿದ್ದರೆ ಈಗಲೂ ಇದೇ ಮೊದಲ ಆಸರೆ.

ಕೀಲಿನ ಮುರಿತಕ್ಕೆ ಈಗ ಹೆಚ್ಚು ಬಳಸುವುದು ಅಂಗೈ ಬದಿಯಲ್ಲಿ ಕೂರಿಸುವ ಲಾಕಿಂಗ್ ಪ್ಲೇಟ್. ಇದರ ಸ್ಕ್ರೂ ತಲೆಯಲ್ಲೂ ಮರೆ (ತಿರುಪಿನ ಸುರುಳಿ ಗೆರೆ) ಇದೆ, ಪ್ಲೇಟಿನ ತೂತಿನಲ್ಲೂ ಮರೆ ಇದೆ; ಎರಡೂ ಕಚ್ಚಿಕೊಂಡು ಒಂದೇ ಸಾಮಾನಾಗುತ್ತದೆ. ಮೂಳೆ ಟೊಳ್ಳಾಗಿದ್ದರೂ ತುದಿಯ ಸ್ಕ್ರೂಗಳ ಸಾಲು ಕೀಲಿನಡಿ ಜಂತಿಯಂತೆ ನಿಂತು ಮೇಲ್ಮೈ ಮತ್ತೆ ಕುಸಿಯದಂತೆ ಹೊರುತ್ತದೆ.

ಸಣ್ಣ ಅಂಚಿನ ಚೂರುಗಳಿಗೆ ಪುಟ್ಟ ಪ್ಲೇಟುಗಳೂ ಇವೆ. ಕೀಲು ಪೂರ್ತಿ ಪುಡಿಯಾಗಿದ್ದರೆ ರೇಡಿಯಸ್ಸಿನಿಂದ ಹಸ್ತದ ಮೂಳೆವರೆಗೆ ಚರ್ಮದಡಿ ಸೇತುವೆಯಂತೆ ಉದ್ದ ಪ್ಲೇಟ್ ಹಾಕಿ ಸುಮಾರು ಮೂರು ತಿಂಗಳಿಗೆ ತೆಗೆಯುತ್ತಾರೆ.

ಪ್ಲೇಟ್ ಆಪರೇಷನ್ ಒಳಗೆ ಹೇಗೆ ನಡೆಯುತ್ತದೆ?

ಸಾಮಾನ್ಯವಾಗಿ ಕಂಕುಳು ಅಥವಾ ಕೊರಳೆಲುಬಿನ ಹತ್ತಿರ ಇಂಜೆಕ್ಷನ್ ಕೊಟ್ಟು ಕೈಯನ್ನಷ್ಟೇ ಮರಗಟ್ಟಿಸುತ್ತಾರೆ; ಎಚ್ಚರವಿರುತ್ತದೆ. ತೋಳಿಗೆ ಬಿಪಿ ಪಟ್ಟಿಯಂಥದ್ದನ್ನು ಕಟ್ಟಿ ರಕ್ತ ತಡೆಯುತ್ತಾರೆ.

ಅಂಗೈ ಬದಿಯಲ್ಲಿ, ಮುಷ್ಟಿ ಬಿಗಿದಾಗ ಎದ್ದು ಕಾಣುವ ಸ್ನಾಯುರಜ್ಜುವಿನ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಮೇಲೆ 6ರಿಂದ 8 ಸೆಂಟಿಮೀಟರ್ ಕೊಯ್ಯುತ್ತಾರೆ. ನಾಡಿ ನೋಡುವ ರಕ್ತನಾಳ ಒಂದು ಪಕ್ಕ, ಬೆರಳಿಗೆ ಸ್ಪರ್ಶ ಕೊಡುವ ಮೀಡಿಯನ್ ನರ ಇನ್ನೊಂದು ಪಕ್ಕ. ನಡುವಿನ ಓಣಿಯಲ್ಲಿ ಇಳಿದು ಮೂಳೆಗೆ ಹಾಸಿದಂತಿರುವ ಚಚ್ಚೌಕ ಸ್ನಾಯುವನ್ನು ಪುಟ ತೆರೆದಂತೆ ಸರಿಸಿದರೆ ಮುರಿತ ಕಾಣುತ್ತದೆ. ಹೆಪ್ಪುಗಟ್ಟಿದ ರಕ್ತ ತೊಳೆದು, ಬಿರುಕಿನೊಳಗಿಂದಲೇ ಚಪ್ಪಟೆ ಸಲಾಕೆ ತೂರಿಸಿ, ಕುಸಿದ ಚೂರನ್ನು ಕೆಳಗಿನಿಂದ ಮೀಟಿ ಎತ್ತುತ್ತಾರೆ. ಮೇಲೆ ಲೂನೇಟ್ ಮೂಳೆ ಅಚ್ಚಿನಂತೆ ಕೂತಿರುತ್ತದೆ. ಚೂರು ಅದಕ್ಕೆ ತಾಗಿ ನಿಂತರೆ ಸಮವಾಯಿತು. ಸಣ್ಣ ತಂತಿಗಳಿಂದ ತಾತ್ಕಾಲಿಕವಾಗಿ ಹಿಡಿಯುತ್ತಾರೆ.

ಪ್ಲೇಟಿನ ಮೊದಲ ಸ್ಕ್ರೂ ಉದ್ದನೆಯ ತೂತಿನಲ್ಲಿ. ಅದನ್ನು ಪೂರ್ತಿ ಬಿಗಿಯದೆ ಪ್ಲೇಟನ್ನು ಮೇಲೆ ಕೆಳಗೆ ಸರಿಸಿ ಜಾಗ ಹೊಂದಿಸಬಹುದು. ಸಿ ಆರ್ಮ್ ಎಂಬ ಎಕ್ಸ್‌ರೇ ಯಂತ್ರದಲ್ಲಿ ನೋಡಿ, ಆಮೇಲೆ ತುದಿಯ ಸ್ಕ್ರೂಗಳು. ಇಲ್ಲಿ ಎರಡು ತಪ್ಪು ಆಗಬಾರದು. ಸ್ಕ್ರೂ ಕೀಲಿನೊಳಗೆ ಇಣುಕಬಾರದು: ನೇರ ಪಕ್ಕದ ಚಿತ್ರದಲ್ಲಿ ಇದು ಮೋಸ ಮಾಡುತ್ತದೆ, ಮುಂಗೈಯನ್ನು ಮೇಜಿನಿಂದ ಸುಮಾರು 20 ಡಿಗ್ರಿ ಎತ್ತಿ ತೆಗೆದರೆ ಕೀಲಿನ ಗೆರೆ ಸ್ವಚ್ಛವಾಗಿ ಕಾಣುತ್ತದೆ. ಎರಡನೆಯದು, ಸ್ಕ್ರೂ ತುದಿ ಕೈಯ ಹಿಂಬದಿಗೆ ತೂರಬಾರದು. ಅಲ್ಲಿ ಬೆರಳು ಎತ್ತುವ ಸ್ನಾಯುರಜ್ಜುಗಳು ಮೂಳೆಗೆ ಅಂಟಿದಂತೆ ಓಡುತ್ತವೆ. ಅರ್ಧ ಮಿಲಿಮೀಟರ್ ಮೊನೆಯೂ ಅವನ್ನು ಹಗ್ಗ ಉಜ್ಜಿದಂತೆ ತಿಂದುಹಾಕುತ್ತದೆ. ಲಾಕಿಂಗ್ ಸ್ಕ್ರೂ ಮೂಳೆಯ ದಪ್ಪದ ಮುಕ್ಕಾಲು ಭಾಗ ಹೋದರೂ ಸಾಕಷ್ಟು ಬಲ ಕೊಡುತ್ತದೆ, ಆದ್ದರಿಂದ ತುಸು ಗಿಡ್ಡದ್ದನ್ನೇ ಹಾಕುತ್ತಾರೆ.

ಕೊನೆಗೆ ಅಂಗೈಯನ್ನು ಮಗುಚಿ ತಿರುವಿ, ಅಲ್ನಾ ತಲೆ ಜಾಗದಲ್ಲಿ ನಿಂತಿದೆಯಾ ನೋಡಿ ಹೊಲಿಯುತ್ತಾರೆ. ಒಟ್ಟು ಒಂದರಿಂದ ಒಂದೂವರೆ ಗಂಟೆ.

ಏನೇನು ಕೆಡಬಹುದು?

ಹೆಚ್ಚಾಗಿ ಕಾಡುವುದು ಬೆರಳು ಬಿಗಿತ. ಅದರ ದೊಡ್ಡ ಅಕ್ಕ ಸಿಆರ್‌ಪಿಎಸ್: ಗಾಯಕ್ಕೆ ಮೀರಿದ ಉರಿ, ಊತ, ಚರ್ಮ ಮಿರಿಮಿರಿ ಹೊಳೆಯುವುದು, ಬೆವರು, ಮುಟ್ಟಿದರೆ ಸಿಡಿಯುವುದು. ಬೇಗ ಹಿಡಿದರೆ ತಿರುಗಿಸಬಹುದು. ‘ಆಪರೇಷನ್ ಆದಮೇಲೆ ಇದ್ದದ್ದೇ’ ಅಂತ ಎರಡು ತಿಂಗಳು ಬಿಟ್ಟರೆ ಕಷ್ಟ.

ಪ್ಲೇಟ್ ಮುಂದಿನ ಅಂಚು ದಾಟಿ ಕೂತಿದ್ದರೆ ಹೆಬ್ಬೆರಳು ಮಡಿಸುವ ಸ್ನಾಯುರಜ್ಜು ಅದರ ಮೇಲೆ ಉಜ್ಜಿ ತಿಂಗಳುಗಳ, ಕೆಲವೊಮ್ಮೆ ವರ್ಷಗಳ ನಂತರ ತುಂಡಾಗಬಹುದು. ಹೆಬ್ಬೆರಳು ಮಡಿಸುವಾಗ ಮಣಿಕಟ್ಟಿನಲ್ಲಿ ಕರಕರ ಅನ್ನುವುದು ಮುನ್ಸೂಚನೆ. ಒಂದು ದಿನ ಹೆಬ್ಬೆರಳ ತುದಿ ಮಡಿಯಲೇ ಇಲ್ಲ, ಅಥವಾ ಮೇಲೇಳಲೇ ಇಲ್ಲ ಅಂದರೆ ಮಾರನೇ ದಿನವೇ ಬನ್ನಿ.

ಅಂಗೈ ಬದಿಯ ಒಳಮೂಲೆಯ ಚೂರು ಸಣ್ಣದು, ಹಟಮಾರಿ. ಪ್ಲೇಟ್ ಅದನ್ನು ಆವರಿಸದೆ ಹೋದರೆ ಅದು ಜಾರಿ, ಇಡೀ ಹಸ್ತವೇ ಅದರ ಹಿಂದೆ ಜಾರುತ್ತದೆ, ಮತ್ತೆ ಆಪರೇಷನ್. ಮೊದಲೆರಡು ವಾರದ ಎಕ್ಸ್‌ರೇ ತಪ್ಪಿಸಬೇಡಿ ಅನ್ನುವುದು ಇದಕ್ಕೇ. ಸೋಂಕು, ನರದ ಜೋಮು ಕಡಿಮೆ, ಆದರೆ ಇಲ್ಲವೇ ಇಲ್ಲ ಅನ್ನುವಂತಿಲ್ಲ. ಎಲ್ಲ ಸರಿಯಾದರೂ ಮುಂದೆ ಎಕ್ಸ್‌ರೇಯಲ್ಲಿ ಸವೆತ ಕಾಣಿಸಿಕೊಳ್ಳಬಹುದು. ಸವೆತ ಕಂಡವರಿಗೆಲ್ಲ ನೋವಿರುತ್ತದೆ ಅಂತಲೂ ಇಲ್ಲ.

ಆಪರೇಷನ್ ಆದ ಮೇಲೆ ನಾವು ಮಾಡಬೇಕಾದ್ದು?

ಇಡೀ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ. ಬೆರಳು ಆಡಿಸುವುದು ಅಂದು ಸಂಜೆಯೇ ಶುರು, ಮರಗಟ್ಟಿದ್ದು ಬಿಟ್ಟ ಕೂಡಲೇ. ಎಚ್ಚರವಿರುವ ಪ್ರತಿ ಗಂಟೆಗೂ ಹತ್ತು ಸಲ: ಬೆರಳು ಪೂರ್ತಿ ಬಿಡಿಸಿ, ಮೇಲಿನ ಎರಡು ಗೆಣ್ಣಷ್ಟೇ ಮಡಿಸಿ ಕೊಕ್ಕೆ ಮಾಡಿ, ಉಗುರು ಅಂಗೈಗೆ ತಾಗುವಂತೆ ಮುಷ್ಟಿ ಕಟ್ಟಿ, ಹೆಬ್ಬೆರಳನ್ನು ಕಿರುಬೆರಳ ಬುಡಕ್ಕೆ ಮುಟ್ಟಿಸಿ. ತುದಿ ಅಲ್ಲಾಡಿಸಿದರೆ ಲೆಕ್ಕಕ್ಕಿಲ್ಲ. ಮುಟ್ಟದಿದ್ದರೆ ಇನ್ನೊಂದು ಕೈಯಿಂದ ಒತ್ತಿ ಮುಟ್ಟಿಸಿ. ಪ್ಲೇಟ್ ಕಳಚುತ್ತದೆ ಅನ್ನುವ ಭಯ ಬೇಡ, ಬೆರಳು ಮಡಿಸಿದ್ದಕ್ಕೆ ಅದು ಕಳಚುವುದಿಲ್ಲ.

ಮೊದಲ ಐದು ದಿನ ಮಲಗಿದಾಗ ಎರಡು ದಿಂಬಿನ ಮೇಲೆ, ಮೊಣಕೈಗಿಂತ ಬೆರಳು ಎತ್ತರ ಇರಲಿ. ಕೊರಳಿಗೆ ಜೋಲಿ ಕಟ್ಟಿಕೊಂಡು ತಿಂಗಳಾನುಗಟ್ಟಲೆ ಕೂತರೆ ಭುಜವೂ ಹಿಡಿದುಕೊಳ್ಳುತ್ತದೆ. ದಿನಕ್ಕೆ ನಾಲ್ಕು ಸಲ ಕೈಯನ್ನು ಪೂರ್ತಿ ತಲೆಯ ಮೇಲೆ ಎತ್ತಿ.

ಹೊಲಿಗೆ ಬಿಚ್ಚುವುದು 10ರಿಂದ 14 ದಿನಕ್ಕೆ. ಹಿಡಿತ ಗಟ್ಟಿಯಿದ್ದರೆ ಆಗಲೇ ಮಣಿಕಟ್ಟು ಆಡಿಸಲು ಹೇಳುತ್ತಾರೆ. ಪುಡಿಯಾಗಿದ್ದರೆ ನಾಲ್ಕು ವಾರದವರೆಗೆ ಕಾಯಿಸಬಹುದು. ಕೈ ಮುಗಿದು ಮೊಣಕೈ ಮೆಲ್ಲಗೆ ಮೇಲೆತ್ತಿದರೆ ಮಣಿಕಟ್ಟು ಹಿಂದಕ್ಕೆ ಬಾಗುತ್ತದೆ. ಹಸ್ತಗಳ ಹಿಂಭಾಗ ಜೋಡಿಸಿ ಬೆರಳು ಕೆಳಗೆ ಮಾಡಿದರೆ ಮುಂದಕ್ಕೆ. ಮೊಣಕೈ ಪಕ್ಕೆಗೆ ಒತ್ತಿ ಚಮಚ ಹಿಡಿದು ಅಂಗೈ ಮೇಲೆ, ಕೆಳಗೆ ತಿರುವಿ. ಅಂಗೈ ಮೇಲಾಗುವುದೇ ತಡವಾಗಿ ಬರುತ್ತದೆ. ಬಲಗೈಯಾದರೆ ತುತ್ತು ಬಾಯಿಗೆ ಹೋಗುವುದು ಅದರಿಂದಲೇ.

ಮುದ್ದೆ ತೊಳಸುವುದು, ಹಾಲು ಕರೆಯುವುದು, ಗಾಡಿ ಓಡಿಸುವುದು ಯಾವಾಗ?

ಊಟ, ಗುಂಡಿ ಹಾಕಿಕೊಳ್ಳುವುದು, ಮೊಬೈಲ್: ಎರಡು ವಾರದಿಂದ. ಆರು ವಾರದವರೆಗೆ ಒಂದು ಲೋಟ ನೀರಿಗಿಂತ ಭಾರ ಬೇಡ, ನೆಲಕ್ಕೆ ಅಂಗೈ ಊರಿ ಏಳುವುದಂತೂ ಬೇಡವೇ ಬೇಡ. ಆರನೇ ವಾರದ ಎಕ್ಸ್‌ರೇಯಲ್ಲಿ ಮೂಳೆ ಕೂಡುತ್ತಿರುವುದು ಕಂಡರೆ ಚಪಾತಿ ಲಟ್ಟಿಸುವುದು, ಸಣ್ಣ ಬಟ್ಟೆ ಹಿಂಡುವುದು.

ಬೈಕಿಗೆ ಆರರಿಂದ ಎಂಟು ವಾರ. ನಿಂತ ಗಾಡಿಯಲ್ಲಿ ಬ್ರೇಕ್ ಗಟ್ಟಿಯಾಗಿ ಹಿಡಿದು ನೋಡಿ, ನೋವಿಗೆ ಕೈ ಬಿಟ್ಟರೆ ಇನ್ನೂ ಕಾಯಿರಿ. ಹಾಲು ಕರೆಯಲು ಎರಡರಿಂದ ಮೂರು ತಿಂಗಳು. ಮುದ್ದೆ ತೊಳಸುವುದು ಮೂರು ತಿಂಗಳಾದ ಮೇಲೆ: ಗಟ್ಟಿಯಾದ ಹಿಟ್ಟಿನಲ್ಲಿ ಕೋಲು ತಿರುಗಿಸುವಾಗ ಕೀಲಿನ ಮೇಲೆ ಒತ್ತೂ ತಿರುಚೂ ಒಟ್ಟಿಗೆ ಬೀಳುತ್ತದೆ. ಮೊದಮೊದಲು ಇಬ್ಬರ ಹಿಟ್ಟಷ್ಟೇ ಇಡಿ. ಕಬ್ಬು ಕಡಿಯುವುದು, ಗುದ್ದಲಿ ಕೆಲಸಕ್ಕೆ ನಾಲ್ಕು ತಿಂಗಳಾದರೂ ಬೇಕು. ಹಿಡಿತದ ಬಲ ಒಂದು ವರ್ಷದವರೆಗೂ ಹೆಚ್ಚುತ್ತಲೇ ಇರುತ್ತದೆ.

ಖರ್ಚು, ಕಾರ್ಡು?

ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಡ್ಯದ ಮಿಮ್ಸ್ ಬೋಧಕ ಆಸ್ಪತ್ರೆ ಎರಡೂ ಸರ್ಕಾರಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಸಹಕಾರ ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿ ಕಾರ್ಡನ್ನೂ ತೋರಿಸಿ ವಿಚಾರಿಸಿ. ಯೋಜನೆಯ ಒಪ್ಪಿಗೆ ಆಪರೇಷನ್ನಿಗೆ ಮೊದಲೇ ಆಗಬೇಕು. ರೇಷನ್ ಕಾರ್ಡ್, ಆಧಾರ್ ಮೊದಲ ದಿನವೇ ತನ್ನಿ. ರಸ್ತೆ ಅಪಘಾತವಾದರೆ ಪೊಲೀಸರಿಗೂ ತಿಳಿಸುವ ಆಸ್ಪತ್ರೆಯ ದಾಖಲೆಯಾದ ಎಂಎಲ್‌ಸಿ ಬರೆಸಿ. ಮನೆಯಲ್ಲಿ ಬಿದ್ದೆ ಅಂತ ಸುಳ್ಳು ಹೇಳಿ ಬರೆಸಿದರೆ ಆಮೇಲೆ ವಿಮೆಗೆ ಅದೇ ಅಡ್ಡಿ.

ಪ್ಲೇಟ್, ಸ್ಕ್ರೂ ಪೊಟ್ಟಣದ ಮೇಲಿನ ಸ್ಟಿಕ್ಕರನ್ನು ಡಿಸ್ಚಾರ್ಜ್ ಚೀಟಿಗೆ ಅಂಟಿಸಿಕೊಡಲು ಕೇಳಿ. ಮುಂದೆ ತೆಗೆಯಬೇಕಾದರೆ ಯಾವ ಕಂಪನಿಯ ಸ್ಕ್ರೂಡ್ರೈವರ್ ಬೇಕು ಅನ್ನುವುದು ಅದರಲ್ಲೇ ಇರುತ್ತದೆ.

ಪ್ಲೇಟ್ ತೆಗೆಸಬೇಕಾ?

ತೊಂದರೆ ಕೊಡದಿದ್ದರೆ ಬೇಡ. ಸ್ನಾಯುರಜ್ಜು ಉಜ್ಜುತ್ತಿದ್ದರೆ, ಸ್ಕ್ರೂ ಚುಚ್ಚುತ್ತಿದ್ದರೆ ತೆಗೆಸಲೇಬೇಕು. ಟೈಟಾನಿಯಂ ಪ್ಲೇಟ್ ಇದ್ದರೂ ಎಂಆರ್‌ಐ ಸಾಮಾನ್ಯವಾಗಿ ಮಾಡಿಸಬಹುದು, ಮೊದಲೇ ತಿಳಿಸಿ. ಚಳಿಗಾಲದ ಬೆಳಗ್ಗೆ ಒಳಗೆ ಸೆಳೆತ ಅನ್ನುವವರಿದ್ದಾರೆ. ಅದೊಂದಕ್ಕೇ ಮತ್ತೆ ಕೊಯ್ಸಿಕೊಳ್ಳುವುದು ದುಬಾರಿ.

ಏನು ತಿನ್ನಬೇಕು?

ರಾಗಿ ನಮ್ಮಲ್ಲೇ ಇದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ. ಹಾಲು, ಮೊಸರು, ಕಾಳು, ಮೊಟ್ಟೆ ಇರಲಿ. ಬೀಡಿ, ಸಿಗರೇಟು ಮೂಳೆ ಕೂಡುವುದನ್ನು ತಡಮಾಡುತ್ತದೆ. ಐವತ್ತು ದಾಟಿದ ಹೆಂಗಸು ನಿಂತಲ್ಲಿಂದ ಬಿದ್ದಷ್ಟಕ್ಕೇ ಮಣಿಕಟ್ಟು ಮುರಿದಿದ್ದರೆ ಅದು ಮೂಳೆ ಟೊಳ್ಳಾಗುತ್ತಿರುವ ಮೊದಲ ಗುರುತಾಗಿರಬಹುದು. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್, ವಿಟಮಿನ್ ಡಿ ಪರೀಕ್ಷೆ ಬಗ್ಗೆ ಕೇಳಿ. ಮುಂದಿನ ಸಲ ಮುರಿಯುವುದು ಸೊಂಟವಾದರೆ ಕಷ್ಟ ಇದರ ಹತ್ತರಷ್ಟು.

ಬಳೆ ಯಾವಾಗ ಹಾಕಿಕೊಳ್ಳಬಹುದು?

ಕೇಳಲು ನಾಚುತ್ತಾರೆ, ಆದರೆ ತುಂಬಾ ಜನ ಕೇಳುತ್ತಾರೆ. ಕೈ ಒತ್ತದೆ ಜಾರುವ ಸಡಿಲ ಲೋಹದ ಬಳೆಯಾದರೆ ಗಾಯ ಒಣಗಿ ಊತ ಪೂರ್ತಿ ಇಳಿದ ಮೇಲೆ, ಆರನೇ ವಾರದ ನಂತರ. ಗಾಜಿನ ಬಳೆ ತೊಡಿಸುವವರು ಹೆಬ್ಬೆರಳನ್ನು ಒಳಕ್ಕೆ ಮಡಿಸಿ ಹಸ್ತ ಹಿಂಡಿ ತೂರಿಸುತ್ತಾರೆ, ಅದಕ್ಕೆ ಮೂರು ತಿಂಗಳು ತಡೆಯಿರಿ. ಹೋಗುವಾಗ ಹಳೆಯ ಅಳತೆ ಹೇಳಬೇಡಿ, ಒಂದು ಸುತ್ತು ದೊಡ್ಡದನ್ನೇ ಕೇಳಿ.